ಅಭಿಪ್ರಾಯಕ್ಕೆ ಹೊರಟ ಕಡ್ಡಿ

ನಮ್ಮ ಬೀದಿಯ ಗುಮಾಸ್ತರು ಇಡೀ ಆಯುಸ್ಸಿನಲ್ಲಿ ಒಂದೇ ಒಂದು ತೀರ್ಮಾನವನ್ನು ಸ್ವಂತವಾಗಿ ತೆಗೆದುಕೊಂಡಿದ್ದಾರೆ. ಅವರು ಅದನ್ನು ತೆಗೆದುಕೊಂಡ ಹೊತ್ತಿನಲ್ಲಿ ನಾನು ಅಲ್ಲೇ ನಿಂತಿದ್ದೆ, ಒಂದು ಕೆನ್ನೆ ಬೋಳಿಸಿಕೊಂಡು, ಇನ್ನೊಂದನ್ನು ಹಾಗೇ ಬಿಟ್ಟುಕೊಂಡು. ಆ ಇನ್ನೊಂದು ಕೆನ್ನೆಗೂ ನಡೆದ ಗಲಾಟೆಗೂ ಸಂಬಂಧ ಇದೆ ಎಂದು ಬೀದಿಯಲ್ಲಿ ಕೆಲವರು ಹೇಳುತ್ತಾರೆ. ಇದೆಯೋ ಇಲ್ಲವೋ ನೀವೇ ಓದಿ ನೋಡಿ.

ಗುಮಾಸ್ತರ ಕಚೇರಿಯಲ್ಲಿ ಯಾವ ಕಡತವೂ ಒಂದೇ ಮೇಜಿನ ಮೇಲೆ ಮುಗಿಯುವುದಿಲ್ಲ. ಬಂದ ಕಡತದ ಮೇಲೆ ‘ಅಭಿಪ್ರಾಯಕ್ಕಾಗಿ’ ಎಂದು ಬರೆದು ಪಕ್ಕದ ಮೇಜಿಗೆ ದಾಟಿಸುವುದು ಅವರ ಕೆಲಸ. ಪಕ್ಕದ ಮೇಜಿನವನು ಅದಕ್ಕಿಂತ ಪಕ್ಕದ ಮೇಜಿಗೆ ದಾಟಿಸುತ್ತಾನೆ. ಹೀಗೆ ಸುತ್ತು ಹೊಡೆದು ಅದು ಮತ್ತೆ ಗುಮಾಸ್ತರ ಮೇಜಿಗೇ ಬಂದಾಗ ಅವರು ಹಳೆಯ ಸ್ನೇಹಿತನನ್ನು ಕಂಡವರಂತೆ ಸಂತೋಷಪಟ್ಟು, ಮತ್ತೆ ‘ಅಭಿಪ್ರಾಯಕ್ಕಾಗಿ’ ಎಂದು ಬರೆಯುತ್ತಾರೆ. ಇದರಲ್ಲಿ ಅವರಿಗೆ ಎರಡು ಬಡ್ತಿಯೂ ಸಿಕ್ಕಿದೆ.

ಕಚೇರಿಯ ಈ ಚಾಳಿ ಮನೆಗೂ ಬಂದಿತ್ತು. ಹಾಸಿಗೆ ಕೊಳ್ಳಬೇಕಾದಾಗ ಅಂಗಡಿಯಿಂದ ಒಂದು ಹಿಡಿ ಹತ್ತಿಯನ್ನು ಜೇಬಿನಲ್ಲಿಟ್ಟುಕೊಂಡು ಬಂದು ಬೀದಿಯವರಿಗೆಲ್ಲ ಮುಟ್ಟಿಸಿದ್ದರು. ಗೋಡೆಗೆ ಬಣ್ಣ ಹೊಡೆಸುವಾಗ ಗೋಡೆಯದೇ ಒಂದು ಚೂರನ್ನು ಕೆರೆದು ಅಂಗಡಿಗೆ ಒಯ್ದಿದ್ದರು. ಏನನ್ನೇ ಆಗಲಿ, ಸ್ವಲ್ಪ ಕಿತ್ತು ತಂದು ನಾಲ್ಕು ಜನಕ್ಕೆ ತೋರಿಸದೆ ಅವರಿಗೆ ನಿದ್ದೆ ಹತ್ತುತ್ತಿರಲಿಲ್ಲ.

ಅವರ ಹೆಂಡತಿಯನ್ನು ನಾವೆಲ್ಲ ಅಕ್ಕ ಎಂದು ಕರೆಯುತ್ತೇವೆ. ಅಕ್ಕನ ತಾಯಿ ಬೇರೆ ಊರಿನಲ್ಲಿದ್ದರು. ಜಾರಿ ಬಿದ್ದು ಮೊಣಕಾಲು ಊದಿಸಿಕೊಂಡಿದ್ದರು. ಬಸ್ಸಿನ ಮೆಟ್ಟಿಲು ಹತ್ತುವುದಕ್ಕೆ ಆಗುತ್ತಿರಲಿಲ್ಲ. ಕಾಲು ವಾಸಿಯಾಗುವ ತನಕ ಅಮ್ಮನನ್ನು ತನ್ನ ಮನೆಯಲ್ಲಿಟ್ಟುಕೊಳ್ಳಬೇಕು ಎಂಬುದು ಅಕ್ಕನ ಆಸೆ. ಕುಟುಂಬದಲ್ಲಿ ಕಾರು ಇದ್ದದ್ದು ಗುಮಾಸ್ತರ ಷಡ್ಡಕನ ಹತ್ತಿರ, ಅಂದರೆ ಅಕ್ಕನ ಸ್ವಂತ ಅಕ್ಕನ ಗಂಡನ ಹತ್ತಿರ. ಆತ ಕಾರು ಕೊಡುವುದಿಲ್ಲ ಎನ್ನುವ ಮನುಷ್ಯನಲ್ಲ. ಆದರೆ ಹತ್ತಿದವರಿಗೆ ಇಳಿಯುವ ತನಕ ಉಪದೇಶ ಮಾಡುತ್ತಾನೆ. ಬಾಗಿಲು ಹೇಗೆ ಹಾಕಬೇಕು, ಚಪ್ಪಲಿ ಎಲ್ಲಿ ಇಡಬೇಕು, ಗಾಜಿಗೆ ಯಾಕೆ ತಲೆ ಆನಿಸಬಾರದು. ಅಕ್ಕನ ತಾಯಿ ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು.

“ದೊಡ್ಡ ಅಳಿಯಂದಿರ ಕಾರಲ್ಲಿ ಕೂತ್ರೆ ಮೊಣಕಾಲಿಗಿಂತ ಕಿವಿ ಜಾಸ್ತಿ ನೋಯುತ್ತೆ ಕಣೇ. ನಾನು ಇಲ್ಲೇ ಬಿದ್ದಿರ್ತೀನಿ ಬಿಡು.”

ಅದೇ ಸಮಯಕ್ಕೆ ಹಿಂದಿನ ಬೀದಿಯ ಭೂಗೋಳದ ಟೀಚರ್ ತಮ್ಮ ಕಾರು ಮಾರುತ್ತಾರೆ ಎಂಬ ಸುದ್ದಿ ಬಂತು. ಬೂದು ಬಣ್ಣದ ಡೀಸೆಲ್ ಕಾರು. ಮಕ್ಕಳಿಗೆ ಭೂಪಟದಲ್ಲಿ ತೋರಿಸಿದ ಊರುಗಳನ್ನೆಲ್ಲ ಕಣ್ಣಾರೆ ನೋಡಬೇಕೆಂದು ಟೀಚರ್ ಅದನ್ನು ಎಷ್ಟು ಓಡಿಸಿದ್ದರೆಂದರೆ, ಮೀಟರಿನಲ್ಲಿದ್ದ ಅಂಕಿಗಳೆಲ್ಲ ಮುಗಿದು ಅದು ಮತ್ತೆ ಸೊನ್ನೆಯಿಂದ ಶುರುವಾಗಿತ್ತು. ಮೀಟರನ್ನು ನಂಬುವುದಾದರೆ ಅದು ಹೊಚ್ಚಹೊಸ ಕಾರು. ಈಗ ಅವರಿಗೆ ಕಣ್ಣು ಮಂಜಾಗಿ ಕಾರು ಓಡಿಸುವುದು ಬೇಡ ಎಂದು ಡಾಕ್ಟರು ಹೇಳಿದ್ದರು.

ಅಕ್ಕ ಬೆಳಿಗ್ಗೆ ವಾಕಿಂಗಿಗೆ ಹೋಗುತ್ತಿದ್ದುದೂ ಈ ಟೀಚರ ಜೊತೆಗೇ. ಕೆಲವು ದಿನ ವಾಕಿಂಗಿನಿಂದ ಬಂದ ಅಕ್ಕನ ಉಗುರಿನ ಸಂದಿಯಲ್ಲಿ ಕಪ್ಪು ಕಾಣುತ್ತಿತ್ತು. ಅದೇನು ಕಪ್ಪು ಎಂದು ಗುಮಾಸ್ತರು ಕೇಳಲಿಲ್ಲ. ಅದಕ್ಕೆ ಯಾವ ಸಾಬೂನು ಒಳ್ಳೆಯದು ಎಂದು ಬೀದಿಯಲ್ಲಿ ವಿಚಾರಿಸಿದರು.

ಭಾನುವಾರ ಬೆಳಿಗ್ಗೆ ಅಕ್ಕ ಬಟ್ಟೆಯ ಚೀಲ ತುಂಬಿಟ್ಟು ಗಂಡನ ಎದುರಿಗೆ ನಿಂತರು.

“ರೀ, ಸಾಯಂಕಾಲ ನಾನು ಅಮ್ಮನ ಹತ್ರ ಹೊರಡ್ತೀನಿ. ಕಾರು ಇದ್ರೆ ಕಾರಲ್ಲಿ ಹೋಗಿ ಅಮ್ಮನ್ನ ಕರ್ಕೊಂಡು ಬರೋಣ. ಇಲ್ದಿದ್ರೆ ನಾನು ಬಸ್ಸಲ್ಲಿ ಹೋಗಿ ಅಲ್ಲೇ ಇರ್ತೀನಿ, ಕಾಲು ವಾಸಿಯಾಗೋ ತನಕ.”

“ವಾಸಿಯಾಗೋಕೆ ಎಷ್ಟು ದಿನ ಬೇಕಾಗುತ್ತೆ?”

“ಅದನ್ನ ಮೊಣಕಾಲನ್ನೇ ಕೇಳ್ಬೇಕು. ಟೀಚರ್ ಕಾರು ಹೋಗಿ ನೋಡಿ. ಬೇಕೋ ಬೇಡವೋ ನೀವೇ ಹೇಳಿ. ಊರೆಲ್ಲ ಕೇಳ್ಕೊಂಡು ಬರ್ಬೇಡಿ. ಸಾಯಂಕಾಲ ಒಬ್ಬ ಕಂಟ್ರಾಕ್ಟರ್ ಕೂಡ ನೋಡೋಕೆ ಬರ್ತಾನಂತೆ.”

ಗುಮಾಸ್ತರಿಗೆ ಅಡುಗೆ ಬರುವುದಿಲ್ಲ. ಅನ್ನಕ್ಕೆ ಎಷ್ಟು ನೀರು ಎಂಬುದರ ಬಗ್ಗೆ ಬೀದಿಯಲ್ಲಿ ಒಮ್ಮತ ಸಿಕ್ಕಿರಲಿಲ್ಲ. ಆದ್ದರಿಂದ ಅಕ್ಕ ಹೋಗಿ ಅಲ್ಲೇ ಉಳಿಯುವುದೆಂದರೆ ಅದು ಅವರ ಹೊಟ್ಟೆಯ ಪ್ರಶ್ನೆಯೂ ಆಗಿತ್ತು. ಅಕ್ಕ ಇಲ್ಲದ ಮನೆಯನ್ನು ನೆನೆಸಿಕೊಂಡರೆ ಅವರಿಗೆ ನಿಜಕ್ಕೂ ಹೆದರಿಕೆಯಾಗುತ್ತಿತ್ತು. ಮಧ್ಯಾಹ್ನ ಕಳೆದ ಮೇಲೆ ಹೊರಡುವಾಗ ಗೇಟಿನ ಹೊರಗೆ ನಿಂತು, ಅಕ್ಕನಿಗೆ ಕೇಳಿಸದ ಹಾಗೆ ಷಡ್ಡಕನಿಗೆ ಒಂದು ಫೋನು ಮಾಡಿದರು. ಊರೆಲ್ಲ ಕೇಳಬೇಡಿ ಎಂದಿದ್ದಳು, ಷಡ್ಡಕ ಬೇರೆ ಊರಿನವನು, ಆದ್ದರಿಂದ ಮಾತು ತಪ್ಪಿದ ಹಾಗಾಗಲಿಲ್ಲ ಎಂಬುದು ಅವರ ಲೆಕ್ಕ.

“ಹಳೇ ಕಾರಾ?” ಎಂದ ಷಡ್ಡಕ. “ಬಣ್ಣ, ಸೀಟು ಎಲ್ಲ ಬಿಡು. ಮೊದಲು ಇಂಜಿನ್ ಆಯಿಲ್ ನೋಡು. ಬಾನೆಟ್ ಎತ್ತಿದ್ರೆ ಒಂದು ಕಡ್ಡಿ ಇರುತ್ತೆ. ಎಳೆದು ಬಣ್ಣ ನೋಡು. ಬೆರಳಲ್ಲಿ ತಿಕ್ಕು. ಮೂಸು. ಅಷ್ಟು ಸಾಕು, ಕಾರಿನ ಜಾತಕ ತಿಳಿದುಹೋಗುತ್ತೆ.”

ಏನು ಮಾಡಬೇಕೆಂದು ಷಡ್ಡಕ ಹೇಳಿದ. ಮಾಡಿದಾಗ ಏನು ಕಂಡರೆ ಒಳ್ಳೆಯದು, ಏನು ಕಂಡರೆ ಕೆಟ್ಟದ್ದು ಎಂಬುದನ್ನು ಹೇಳುವಷ್ಟರಲ್ಲಿ ಅವನಿಗೆ ಬೇರೆ ಫೋನು ಬಂತು. ಅರ್ಧ ವಿದ್ಯೆಯನ್ನು ಜೇಬಿಗೆ ಹಾಕಿಕೊಂಡು ಗುಮಾಸ್ತರು ಟೀಚರ ಮನೆ ಹೊಕ್ಕರು.

ಟೀಚರ್ ಶೆಡ್ಡಿನ ಬಾಗಿಲು ತೆರೆದು ಬಾನೆಟ್ ಎತ್ತಿ ನಿಲ್ಲಿಸಿದರು. ಗುಮಾಸ್ತರು ಬೆನ್ನ ಹಿಂದೆ ಕೈ ಕಟ್ಟಿಕೊಂಡು ಒಳಗೆ ಬಗ್ಗಿದರು. ಮೊದಲು ಗಾಜು ತೊಳೆಯುವ ನೀರಿನ ಡಬ್ಬಿಯ ಮುಚ್ಚಳ ತೆಗೆದು ಮೂಸಿ, “ಹೂಂ” ಎಂದರು.

“ಅದು ನೀರು,” ಎಂದರು ಟೀಚರ್.

“ಗೊತ್ತು. ನೀರು ಸರಿಯಾಗಿದೆ.”

“ಆಯಿಲ್ ನೋಡ್ಬೇಕಾ? ಅಗೋ, ಹಳದಿ ಉಂಗುರ ಇರೋದು. ಎಳೀರಿ. ಮೊದಲನೇ ಸಲ ಬಂದದ್ದನ್ನ ನಂಬಬಾರದು. ಒರೆಸಿ, ಮತ್ತೆ ಒಳಗೆ ಹಾಕಿ, ತೆಗೆದು ನೋಡ್ಬೇಕು. ತಡೀರಿ, ಬಟ್ಟೆ ತರ್ತೀನಿ. ಕಾಫಿಗೂ ಇಟ್ಟು ಬರ್ತೀನಿ.”

ಟೀಚರ್ ಒಳಗೆ ಹೋದರು. ಗುಮಾಸ್ತರು ಕಡ್ಡಿ ಎಳೆದರು. ತುದಿ ಕಪ್ಪಗಿತ್ತು. ಕಪ್ಪು ಅಂದರೆ ಒಳ್ಳೆಯದೋ ಕೆಟ್ಟದ್ದೋ? ಬೆರಳಲ್ಲಿ ತಿಕ್ಕಿದರು. ಬೆರಳೂ ಕಪ್ಪಾಯಿತು. ಮೂಸಿದರು. ಮೂಗಿನ ತುದಿಯೂ ಕಪ್ಪಾಯಿತು. ಇಷ್ಟಾದರೂ ಜಾತಕದ ಒಂದಕ್ಷರ ತಿಳಿಯಲಿಲ್ಲ. ಆಗ ಅವರ ಕಾಲುಗಳು, ಬಡ್ತಿ ಪಡೆದ ಆ ಅನುಭವಿ ಕಾಲುಗಳು, ತಮ್ಮಷ್ಟಕ್ಕೆ ತಾವೇ ಗೇಟಿನ ಕಡೆ ತಿರುಗಿದವು. ಕಾರನ್ನು ಹೊತ್ತು ತಿರುಗಲು ಆಗುವುದಿಲ್ಲ, ಕಡ್ಡಿಯನ್ನು ಒಯ್ಯಬಹುದು. ಎಣ್ಣೆ ತೊಟ್ಟಿಕ್ಕದ ಹಾಗೆ ಅದನ್ನು ಎರಡೂ ಕೈಯಲ್ಲಿ ಅಡ್ಡಡ್ಡ ಹಿಡಿದು ಗುಮಾಸ್ತರು ಬೀದಿಗಿಳಿದರು.

ಟೀಚರ್ ಬಟ್ಟೆ, ಕಾಫಿ ಎರಡನ್ನೂ ಹಿಡಿದು ಬಂದಾಗ ಗಿರಾಕಿಯೂ ಇರಲಿಲ್ಲ, ಕಡ್ಡಿಯೂ ಇರಲಿಲ್ಲ.

ಗುಮಾಸ್ತರು ತಮ್ಮ ಮನೆಯ ಮುಂದೆ ಹಾದುಹೋಗಲಿಲ್ಲ. ಅಕ್ಕ ನೋಡಿಬಿಟ್ಟರೆ ಎಂದು ಸುತ್ತುಬಳಸಿ ಸೆಲೂನಿಗೆ ಬಂದರು. ಅಲ್ಲಿ ನಾನು ಕುತ್ತಿಗೆಗೆ ಬಿಳಿ ಬಟ್ಟೆ ಕಟ್ಟಿಸಿಕೊಂಡು ಕುರ್ಚಿಯಲ್ಲಿದ್ದೆ. ಎಡಗೆನ್ನೆ ಆಗಿತ್ತು. ಬಲಗೆನ್ನೆಯ ಮೇಲೆ ನೊರೆ ಇತ್ತು.

“ಸ್ವಲ್ಪ ಇದನ್ನ ನೋಡಿ ಹೇಳ್ತೀರಾ?” ಎಂದು ಗುಮಾಸ್ತರು ಕಡ್ಡಿಯನ್ನು ಮುಂದೆ ಚಾಚಿದರು.

ಸೆಲೂನಿನವನು ಕತ್ತಿ ಕೆಳಗಿಟ್ಟು ತುದಿಗೆ ಬೆರಳು ತಾಗಿಸಿ ಉಜ್ಜಿದ. ಇಡೀ ದಿನ ಎಣ್ಣೆಯಲ್ಲೇ ಕೈಯಿಡುವವನು, ಹಗುರವಾಗಿ ಮಾತಾಡುವಂತಿಲ್ಲ.

“ನುಣುಪು ಇದೆ. ತಲೆಗಾದ್ರೆ ಬೇಡ ಅಂತೀನಿ. ಇಂಜಿನ್ನಿಗೆ ಅಡ್ಡಿಯಿಲ್ಲ.”

“ನೀವು?” ಎಂದು ಗುಮಾಸ್ತರು ನನ್ನತ್ತ ತಿರುಗಿದರು. “ಮೂಸಿ ನೋಡಿ. ಸುಟ್ಟ ವಾಸನೆ ಬರ್ತಿದೆಯಾ?”

ನಾನು ಮೂಸಲು ಮುಖ ತಿರುಗಿಸಿದೆ. ಅವರು ಕಡ್ಡಿಯನ್ನು ಇನ್ನಷ್ಟು ಹತ್ತಿರ ತಂದರು. ಇಬ್ಬರಲ್ಲಿ ಯಾರು ಹೆಚ್ಚು ಮುಂದೆ ಬಂದರು ಎಂಬುದರ ಬಗ್ಗೆ ಭಿನ್ನಾಭಿಪ್ರಾಯ ಇದೆ. ಕಡ್ಡಿ ನನ್ನ ಕೆನ್ನೆಯ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆಯಿತು. ವಾಸನೆ ಘಾಟಾಗಿದೆ ಎಂದೆ. ಅದು ಒಳ್ಳೆಯ ಘಾಟೋ ಕೆಟ್ಟ ಘಾಟೋ ಎಂದು ಕೇಳಿದರು. ಇದನ್ನು ಗ್ಯಾರೇಜಿನಲ್ಲೇ ಕೇಳಬೇಕು ಎಂದು ನಾನು ಎದ್ದೆ. ಮಿಕ್ಕ ಕೆನ್ನೆ ಎಲ್ಲಿಗೂ ಓಡಿಹೋಗುವುದಿಲ್ಲ, ಇಂಥ ವಿಚಾರ ದಿನಾ ಸಿಗುವುದಿಲ್ಲ. ನನ್ನ ಕುತ್ತಿಗೆಯಲ್ಲಿ ತನ್ನ ಬಟ್ಟೆ ಇದೆ ಎಂದು ಸೆಲೂನಿನವನೂ ಅಂಗಡಿಯ ಬಾಗಿಲು ಎಳೆದುಕೊಂಡು ಹಿಂದೆ ಬಂದ.

ದಾರಿಯುದ್ದಕ್ಕೂ ಸಿಕ್ಕವರು ಕೇಳಿದರು, ಗುಮಾಸ್ತರು ನಿಂತು ವಿವರಿಸಿದರು. ವಿವರಿಸುವಾಗ ಕಡ್ಡಿಯನ್ನು ಆಡಿಸುವ ಅಭ್ಯಾಸ ಅವರಿಗೆ. ತುದಿಯಲ್ಲಿದ್ದದ್ದೆಲ್ಲ ಚೆನ್ನಾಗಿ ಕಲಸಿಕೊಂಡಿತು.

ಗ್ಯಾರೇಜಿನಲ್ಲಿ ಮೆಕ್ಯಾನಿಕ್ಕು ಒಂದು ವ್ಯಾನಿನ ಅಡಿಯಲ್ಲಿದ್ದ. ಕಾಲು ಮಾತ್ರ ಕಾಣುತ್ತಿತ್ತು. ಗುಮಾಸ್ತರು ಕಾಲಿಗೇ ನಮಸ್ಕಾರ ಹೇಳಿ ವಿಷಯ ತಿಳಿಸಿದರು. ಕಾಲು ಹೊರಗೆ ಜಾರಿತು, ಹಿಂದೆಯೇ ಮೆಕ್ಯಾನಿಕ್ಕು ಬಂದ. ಕಡ್ಡಿಯ ತುದಿಯನ್ನು ಬೆಳಕಿಗೆ ಹಿಡಿದು ನಾಲಿಗೆಯಿಂದ ‘ಚ್ಚ್’ ಎಂದು ಸದ್ದು ಮಾಡಿದ.

“ಮುಗೀತು. ಹೆಡ್ ಗ್ಯಾಸ್ಕೆಟ್ ಹೋಗಿದೆ. ಆಯಿಲ್ ಒಳಗೆ ನೀರು ನುಗ್ಗಿದೆ. ನೋಡಿ, ಹಾಲು ಹಾಕಿ ಕಲಸಿದ ಹಾಗಿದೆ. ಈ ಗಾಡಿ ಸ್ಟಾರ್ಟ್ ಮಾಡಿದ್ರೆ ಇಂಜಿನ್ ಕೈಗೆ ಬರುತ್ತೆ. ಎಲ್ಲಿದೆ ಗಾಡಿ?”

“ಟೀಚರ ಮನೇಲಿ.”

“ಮತ್ತೆ ಕಡ್ಡಿ?”

“ಅಭಿಪ್ರಾಯಕ್ಕೆ ತಂದೆ.”

ಮೆಕ್ಯಾನಿಕ್ಕು ಕಡ್ಡಿಯನ್ನು ಅವರ ಕೈಗೆ ವಾಪಸ್ಸು ಕೊಟ್ಟ.

“ಜ್ವರ ಬಂದ್ರೆ ಥರ್ಮಾಮೀಟರ್ ಮಾತ್ರ ಡಾಕ್ಟ್ರ ಹತ್ರ ಕಳಿಸ್ತೀರಾ ಸಾರ್?”

ಗುಮಾಸ್ತರು ಯೋಚಿಸಿದರು. “ಒಂದು ಸಲ ಕಳಿಸಿದ್ದೆ,” ಎಂದರು.

ಅವರ ಮುಖ ಇಳಿದುಹೋಗಿತ್ತು. ಕಾರು ಇಲ್ಲ, ಅಂದರೆ ಅತ್ತೆ ಬರುವುದಿಲ್ಲ, ಅಂದರೆ ಅಕ್ಕ ಸಾಯಂಕಾಲದ ಬಸ್ಸಿಗೆ ಹೊರಡುತ್ತಾಳೆ. ಇಂಜಿನ್ನಿಗೆ ನೀರು ನುಗ್ಗಿದ ಸುದ್ದಿಯಾದರೋ ನಮಗಿಂತ ಮೊದಲೇ ಹೊರಟುಬಿಟ್ಟಿತ್ತು. ನಾವು ಹಿಂದಿನ ಬೀದಿ ಮುಟ್ಟುವಷ್ಟರಲ್ಲಿ ಅದು ಟೀಚರು ಕಾರನ್ನು ಒಮ್ಮೆ ಕೆರೆಯಲ್ಲಿ ಮುಳುಗಿಸಿದ್ದರಂತೆ ಎಂಬಲ್ಲಿಗೆ ಬೆಳೆದಿತ್ತು.

ಟೀಚರ ಗೇಟಿನ ಬಳಿ ಪೊಲೀಸ್ ಪೇದೆಯೊಬ್ಬ ತಲೆ ಕೆರೆದುಕೊಳ್ಳುತ್ತ ನಿಂತಿದ್ದ.

“ಕಾರು ಕದ್ದವ್ರನ್ನ ನೋಡಿದೀನಿ ಮೇಡಂ. ಟೈರ್ ಕದ್ದವ್ರನ್ನೂ ನೋಡಿದೀನಿ. ಕಾರು ಬಿಟ್ಟು ಕಡ್ಡಿ ಕದ್ದವ್ನನ್ನ ಸರ್ವೀಸಲ್ಲೇ ನೋಡಿಲ್ಲ. ಏನಂತ ಬರ್ಕೊಳ್ಳಲಿ?”

ಬಾನೆಟ್ಟಿನ ಪಕ್ಕದಲ್ಲಿ ಕಂಟ್ರಾಕ್ಟರು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ. ಸುದ್ದಿ ಅವನ ಕಿವಿಗೂ ಬಿದ್ದಿತ್ತು. ಅದರಿಂದ ಅವನಿಗೆ ಬೇಜಾರಾದ ಹಾಗೆ ಕಾಣಲಿಲ್ಲ.

“ನೀರು ಕುಡಿದ ಇಂಜಿನ್ನು ಯಾರು ತಗೋತಾರೆ ಮೇಡಂ? ಗುಜರಿಗೆ ಹಾಕೋ ಹಾಗೆ ನನಗೆ ಕೊಟ್ಬಿಡಿ. ಈಗ್ಲೇ ಎಳ್ಕೊಂಡು ಹೋಗ್ತೀನಿ.”

ಟೀಚರ ಮುಖ ಕೆಂಪಾಗಿತ್ತು. ಅಷ್ಟರಲ್ಲಿ ಅವರ ಮಂಜುಗಣ್ಣಿಗೂ ನಮ್ಮ ಮೆರವಣಿಗೆ ಕಂಡಿತು. ಮುಂದೆ ಕಡ್ಡಿ ಹಿಡಿದ ಗುಮಾಸ್ತರು, ಹಿಂದೆ ಅರ್ಧ ನೊರೆಯ ನಾನು, ನನ್ನ ಬಟ್ಟೆಯ ತುದಿ ಹಿಡಿದ ಸೆಲೂನಿನವನು, ಮೆಕ್ಯಾನಿಕ್ಕು.

“ಇವರೇ,” ಎಂದರು ಟೀಚರ್.

ಪೇದೆ ಗುಮಾಸ್ತರ ಕಡೆ ಹೆಜ್ಜೆಯಿಟ್ಟ. ಗುಮಾಸ್ತರು ಕಡ್ಡಿಯನ್ನು ಅವನಿಗೇ ಚಾಚಿ, “ನಿಮಗೇನನ್ಸುತ್ತೆ?” ಎಂದರು. ಪೇದೆ ಎರಡು ಹೆಜ್ಜೆ ಹಿಂದೆ ಸರಿದ. ಆಗಲೇ ಗೇಟಿನಲ್ಲಿ ಅಕ್ಕ ಕಾಣಿಸಿಕೊಂಡರು. ಕೈಯಲ್ಲಿ ಬಟ್ಟೆಯ ಚೀಲ ಇತ್ತು. ಗಂಡನ ಮೂಗಿನ ತುದಿಯ ಕಪ್ಪನ್ನು ನೋಡಿದರು, ಕಡ್ಡಿಯನ್ನು ನೋಡಿದರು, ಹಿಂದೆ ನಿಂತ ನಮ್ಮನ್ನು ಒಬ್ಬೊಬ್ಬರಾಗಿ ನೋಡಿದರು. ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡರು.

ಗುಮಾಸ್ತರು ಆ ಚೀಲವನ್ನು ನೋಡಿ ಬೆವರಿದರು.

“ಟೀಚರ್, ನಿಮ್ಮ ಕಾರಿಗೆ ನೀರು ನುಗ್ಗಿದೆಯಂತೆ,” ಎಂದರು ಸಣ್ಣ ದನಿಯಲ್ಲಿ.

“ನುಗ್ಗಿದೆಯಂತೆ,” ಎಂದರು ಟೀಚರ್. ತರಗತಿಯಲ್ಲಿ ಹಿಂದಿನ ಬೆಂಚಿಗೂ ಕೇಳಿಸುತ್ತಿದ್ದ ದನಿ ಅದು. “ಯಾರು ನೋಡಿದ್ದು? ನೀವು ನೋಡಿದ್ರಾ? ಬನ್ನಿ ಇಲ್ಲಿ. ಉಳಿದವರು ಯಾರೂ ಬಾಯಿ ಬಿಡಕೂಡದು. ಕಡ್ಡಿ ಒರೆಸಿ.”

ಟೀಚರ್ ತಂದಿದ್ದ ಬಟ್ಟೆ ಕಾಫಿಯ ಜೊತೆಗೇ ಮನೆಯೊಳಗೆ ವಾಪಸ್ಸು ಹೋಗಿತ್ತು. ಗುಮಾಸ್ತರು ಸುತ್ತ ನೋಡಿ ನನ್ನ ಕುತ್ತಿಗೆಯ ಬಟ್ಟೆಗೇ ಒರೆಸಿದರು. ಸೆಲೂನಿನವನು ಬಾಯಿ ಬಿಡಲು ಹೋಗಿ, ಟೀಚರ ಮುಖ ನೋಡಿ ಸುಮ್ಮನಾದ.

“ಒಳಗೆ ಹಾಕಿ. ಪೂರ್ತಿ. ಈಗ ತೆಗೀರಿ. ಏನು ಕಾಣ್ತಿದೆ?”

ಗುಮಾಸ್ತರು ಕಡ್ಡಿಯನ್ನು ನೋಡಿ ಮೆಕ್ಯಾನಿಕ್ಕಿನ ಕಡೆ ತಿರುಗಿದರು.

“ಅವನನ್ನಲ್ಲ ನಾನು ಕೇಳಿದ್ದು.”

ನನ್ನ ಕಡೆ ತಿರುಗಿದರು. ನಾನು ಆಕಾಶ ನೋಡಿದೆ. ಸೆಲೂನಿನವನು ನೆಲ ನೋಡಿದ. ಪೇದೆ ತನ್ನ ಟೋಪಿಯ ಒಳಗೆ ನೋಡಿದ. ಕೊನೆಗೆ ಅವರು ಅಕ್ಕನ ಕಡೆ ನೋಡಿದರು. ಅಕ್ಕ ರಸ್ತೆಯ ಕಡೆ ನೋಡುತ್ತಿದ್ದರು, ಬಸ್ಸು ಬರುವ ಕಡೆಗೆ. ಇಡೀ ಬೀದಿಯಲ್ಲಿ ದಾಟಿಸುವುದಕ್ಕೆ ಒಂದು ಮೇಜೂ ಇರಲಿಲ್ಲ.

ಗುಮಾಸ್ತರು ಕಡ್ಡಿಯನ್ನು ಕಣ್ಣಿನ ಹತ್ತಿರಕ್ಕೆ ತಂದರು.

“ಕಪ್ಪಗಿದೆ,” ಎಂದರು.

“ಮತ್ತೆ?”

“ಇಲ್ಲಿ ಎರಡು ಗೆರೆ ಇದೆ. ಎಣ್ಣೆ ಎರಡರ ಮಧ್ಯೆ ಇದೆ.” ಬೆರಳಲ್ಲಿ ತಿಕ್ಕಿದರು. “ಮರಳು ಸಿಗ್ತಿಲ್ಲ. ನುಣುಪಾಗಿದೆ. ಬಿಳಿ ಇಲ್ಲ. ಆಗ ಇತ್ತು, ಈಗ ಇಲ್ಲ.” ಅಲ್ಲಿಗೆ ನಿಂತು, ತಮ್ಮ ಬಾಯಿಂದಲೇ ಬಂದ ಮಾತಿಗೆ ತಾವೇ ಬೆರಗಾದವರಂತೆ ಒಮ್ಮೆ ಕಣ್ಣು ಮಿಟುಕಿಸಿದರು. “ನೀರು ಇಲ್ಲ ಟೀಚರ್. ಕಾರು ಚೆನ್ನಾಗಿದೆ. ನಾನು ತಗೋತೀನಿ.”

“ಯೋಚ್ನೆ ಮಾಡಿ ಸಾರ್,” ಎಂದ ಕಂಟ್ರಾಕ್ಟರು. “ಇನ್ನೂ ನಾಲ್ಕು ಜನರನ್ನ ಕೇಳಿ ನೋಡಿ.”

“ಕೇಳೋದಿಲ್ಲ,” ಎಂದರು ಗುಮಾಸ್ತರು.

ನನಗೆ ಎಷ್ಟು ಸಂತೋಷವಾಯಿತೆಂದರೆ ಕೆನ್ನೆಯ ಮೇಲೆ ನೊರೆ ಒಣಗಿದ ಉರಿಯೇ ಮರೆತುಹೋಯಿತು. ಅಕ್ಕ ರಸ್ತೆ ನೋಡುವುದನ್ನು ಬಿಟ್ಟು ಗಂಡನನ್ನು ನೋಡುತ್ತಿದ್ದರು. ಆ ನೋಟವನ್ನು ನಾನು ಅವರ ಮನೆಯಲ್ಲಿ ಹಿಂದೆ ಕಂಡಿರಲಿಲ್ಲ. ಕಂಟ್ರಾಕ್ಟರು ಪ್ಯಾಂಟಿನ ಧೂಳು ಕೊಡವಿಕೊಂಡು ಹೊರಟುಹೋದ.

ಮೆಕ್ಯಾನಿಕ್ಕಿಗೆ ಮಾತ್ರ ಸಮಾಧಾನವಾಗಿರಲಿಲ್ಲ. ಅವನ ಮಾತು ಸುಳ್ಳಾಗಿತ್ತಲ್ಲ. ಅವನು ಬಂದು ನನ್ನ ಕುತ್ತಿಗೆಯ ಬಟ್ಟೆ ಎತ್ತಿ ಅದರಲ್ಲಿದ್ದ ಕಲೆಯನ್ನು ಮೂಸಿದ.

“ಇಂಜಿನ್ ಆಯಿಲ್‌ನಲ್ಲಿ ನಿಂಬೆಹಣ್ಣಿನ ವಾಸನೆ ಯಾಕೆ ಬರ್ತಿದೆ?”

ಎಲ್ಲರೂ ನನ್ನ ಬಲಗೆನ್ನೆಯನ್ನು ನೋಡಿದರು. ಆ ನೊರೆ ನನ್ನ ಕೆನ್ನೆಯಿಂದಲೇ ಹೋಯಿತು ಎನ್ನುವುದಕ್ಕೆ ಸಾಕ್ಷಿ ಇಲ್ಲ. ಸೆಲೂನಿನವನ ಬೆರಳಲ್ಲೂ ನೊರೆ ಇತ್ತು. ಇದನ್ನು ನಾನು ಅಂದೂ ಹೇಳಿದೆ, ಇಂದೂ ಹೇಳುತ್ತೇನೆ.

ಒಳಗೆ ಹೋಗಿ ವ್ಯವಹಾರ ಮುಗಿಸಿ ಬಂದ ಗುಮಾಸ್ತರು ಬೀಗದ ಕೈಗಾಗಿ ಕೈ ಚಾಚಿದರು. ಯೌವನದಲ್ಲಿ ಅವರು ಡ್ರೈವಿಂಗ್ ಲೈಸೆನ್ಸ್ ಮಾಡಿಸಿದ್ದರು. ಕೊನೆಯ ಸಲ ಓಡಿಸಿದ್ದು ಕಚೇರಿಯ ಜೀಪನ್ನು, ಕಚೇರಿಯ ಹೂಕುಂಡಗಳ ಮೇಲೆ. ಟೀಚರ್ ಆ ಚಾಚಿದ ಕೈಯನ್ನು ದಾಟಿ ಬೀಗದ ಕೈಯನ್ನು ಅಕ್ಕನ ಕೈಗೆ ಹಾಕಿದರು. ಅಕ್ಕ ಚೀಲವನ್ನು ಹಿಂದಿನ ಸೀಟಿಗೆ ಎಸೆದು, ಬಾನೆಟ್ ಇಳಿಸಿ ಅಂಗೈಯಿಂದ ಒಂದು ಪೆಟ್ಟು ಕೊಟ್ಟು ಕೂರಿಸಿದರು. ಅದು ಎಲ್ಲಿ ಪೆಟ್ಟು ಕೊಟ್ಟರೆ ಕೂರುತ್ತದೆ ಎಂಬುದು ಅವರಿಗೆ ಗೊತ್ತಿತ್ತು.

“ನಿನಗೆ ಓಡಿಸೋಕೆ ಬರುತ್ತಾ?” ಎಂದರು ಗುಮಾಸ್ತರು.

“ಲೈಸೆನ್ಸ್ ಬಂದು ವರ್ಷ ಆಯ್ತು.”

“ಮತ್ತೆ ವಾಕಿಂಗು?”

“ವಾಕಿಂಗೇ,” ಎಂದರು ಟೀಚರ್. “ಕಾರಲ್ಲಿ.”

“ಹೋದ ತಿಂಗಳು ಈ ಕಾರಿಗೆ ಆಯಿಲ್ ಬದ್ಲಾಯಿಸಿದ್ದು ನಾನೇ ರೀ,” ಎಂದರು ಅಕ್ಕ ಸೀಟನ್ನು ಮುಂದಕ್ಕೆ ಎಳೆದುಕೊಳ್ಳುತ್ತ. “ಡೀಸೆಲ್ ಇಂಜಿನ್ನು. ಹೊಸ ಆಯಿಲ್ ಹಾಕಿದ್ರೂ ಸ್ವಲ್ಪ ಓಡಿಸೋದ್ರೊಳಗೆ ಕಪ್ಪಾಗೇ ಆಗುತ್ತೆ. ಕಪ್ಪಾದ್ರೆ ಹೆದರ್ಬಾರ್ದು. ಮಟ್ಟ ಇಳೀಬಾರ್ದು, ನೀರು ಸೇರ್ಬಾರ್ದು, ಅಷ್ಟೇ.”

ಗುಮಾಸ್ತರು ಮೂಗಿನ ತುದಿ ಒರೆಸಿಕೊಂಡರು. ಹೆಂಡತಿಯ ಉಗುರನ್ನು ನೋಡಿದರು. ಯಾವ ಸಾಬೂನಿಗೂ ಹೋಗದ ಆ ಕಪ್ಪಿನ ಅರ್ಥ ಅವರಿಗೆ ಈಗ ಆಯಿತು.

“ಇದನ್ನ ಬೆಳಿಗ್ಗೇನೇ ಹೇಳ್ಬಾರ್ದಿತ್ತಾ?”

“ಕೇಳಿದ್ರಾ? ಸೆಲೂನಲ್ಲಿ ಕೇಳಿದ್ರಿ, ಗ್ಯಾರೇಜಲ್ಲಿ ಕೇಳಿದ್ರಿ, ಪೊಲೀಸ್‌ನೂ ಕೇಳಿದ್ರಿ. ಮನೇಲಿ ಒಂದು ಮಾತು ಕೇಳಿದ್ರಾ?”

ಗುಮಾಸ್ತರು ಪಕ್ಕದ ಸೀಟಿನಲ್ಲಿ ಕುಳಿತರು. ಇಂಜಿನ್ನು ಒಂದೇ ತಿರುವಿಗೆ ಗುರ್ ಎಂದಿತು. ಟೀಚರ್ ಅದರ ಬೂದು ಬೆನ್ನನ್ನು ಒಮ್ಮೆ ಸವರಿ ಕಣ್ಣೊರೆಸಿಕೊಂಡರು. ಪೇದೆ ಗಂಭೀರವಾಗಿ ರಸ್ತೆಗೆ ಹೋಗಿ, ಖಾಲಿ ರಸ್ತೆಯಲ್ಲಿ ಎರಡೂ ಕಡೆ ಕೈ ಅಡ್ಡಹಾಕಿ ದಾರಿ ಬಿಡಿಸಿದ.

ನಾನೂ ಸೆಲೂನಿನವನೂ ಬೀದಿಯ ಮೂಲೆಗೆ ಬಂದು ನಿಂತಿದ್ದೆವು. ಕಾರು ನಮ್ಮ ಪಕ್ಕಕ್ಕೆ ಬಂದು ನಿಧಾನವಾಯಿತು. ಅಲ್ಲಿಂದ ರಸ್ತೆ ಎರಡಾಗುತ್ತದೆ. ಅತ್ತೆಯ ಊರಿಗೆ ಎರಡರಲ್ಲೂ ಹೋಗಬಹುದು. ಎಡಗಡೆಯದು ಹತ್ತಿರ, ಬಲಗಡೆಯದು ಚೆನ್ನಾಗಿದೆ.

“ಯಾವ ಕಡೆ ಹೋಗೋಣ? ನೀವೇ ಹೇಳಿ,” ಎಂದರು ಅಕ್ಕ. ದನಿಯಲ್ಲಿ ಹೊಸದೊಂದು ಗೌರವ ಇತ್ತು.

ಗುಮಾಸ್ತರು ಎಡಕ್ಕೆ ನೋಡಿದರು. ಬಲಕ್ಕೆ ನೋಡಿದರು. ಆಮೇಲೆ ಕಿಟಕಿಯಿಂದ ನಿಧಾನವಾಗಿ ತಲೆ ಹೊರಗೆ ಹಾಕಿ ನನ್ನ ಕಡೆ ನೋಡಿ ಬಾಯಿ ತೆರೆದರು.

ಅಕ್ಕ ಒಂದು ಕೈಯಿಂದ ಅವರ ಕಾಲರು ಹಿಡಿದು ಒಳಕ್ಕೆ ಎಳೆದು, ಅಡ್ಡಕ್ಕೆ ಬಾಗಿ ಹಿಡಿ ತಿರುಗಿಸಿ ಗಾಜು ಏರಿಸಿದರು. ಗಾಜಿನ ಹಿಂದೆ ಗುಮಾಸ್ತರ ಬಾಯಿ ಇನ್ನೂ ಆಡುತ್ತಿತ್ತು. ಕಾರು ಎಡಕ್ಕೆ ತಿರುಗಿ ಹೋಯಿತು.

ನಾನಾಗಿದ್ದರೆ ಬಲಕ್ಕೆ ಎನ್ನುತ್ತಿದ್ದೆ.